ಕ್ಲಾಂಪಿನ ಹಿಡಿಗೆ ಪೈಪ್ ಹಾಕಿ ಬಿಗಿಯಬೇಡಿ: ನಾನು ಮಾಡಿ ಕೆಟ್ಟ ಕೆಲಸ

ನನ್ನ ಕನ್ನಡಕದ ಎಡಗಾಜಿನ ಮೇಲೆ ಒಂದು ಗೀರು ಇದೆ. ಹುಬ್ಬಿನ ಕಡೆಯಿಂದ ಕೆನ್ನೆಯ ಕಡೆಗೆ, ಓರೆಯಾಗಿ. ಅಂಟು ಒಣಗುವವರೆಗೆ ಹಲಗೆಗಳನ್ನು ಒತ್ತಿ ಹಿಡಿಯುವ ಕ್ಲಾಂಪಿನ ದವಡೆ ಮುರಿದು ಸಿಡಿದಾಗ ಆದದ್ದು. ಅವತ್ತು ಕನ್ನಡಕ ಹಾಕಿಕೊಂಡಿದ್ದು ಕಣ್ಣಿನ ರಕ್ಷಣೆಗೇನಲ್ಲ. ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಅಷ್ಟೇ.

ತಪ್ಪು ಪೂರ್ತಿ ಕ್ಲಾಂಪಿನದಲ್ಲ. ಮುಕ್ಕಾಲು ಪಾಲು ನನ್ನದೇ. ಮನೆಯಲ್ಲಿ ಹವ್ಯಾಸಕ್ಕೆ ಮರಗೆಲಸ ಮಾಡುವವರು ಇದೇ ತಪ್ಪನ್ನು ಮಾಡುವುದನ್ನು ಆಮೇಲೆ ಎರಡು ಮೂರು ಕಡೆ ನೋಡಿದೆ. ಹಾಗಾಗಿ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಮಾಡಲು ಹೊರಟಿದ್ದು ಒಂದು ಬರೆಯುವ ಮೇಜು. ಅಕೇಶಿಯಾ ಮರ, ಐದಡಿ ಉದ್ದ, ಒಂದಿಂಚು ದಪ್ಪ. ಏಳಿಂಚು ಅಗಲದ ಮೂರು ಹಲಗೆ ಇದ್ದವು. ಅಗಲ ಸ್ವಲ್ಪ ಸಾಲಲಿಲ್ಲ ಅಂತ ಪಕ್ಕಕ್ಕೆ ಎರಡೂವರೆ ಇಂಚಿನ ಒಂದು ಪಟ್ಟಿ ಸೇರಿಸಿದೆ. ಆ ಪಟ್ಟಿಯೇ ಮುಂದೆ ಕೈಕೊಟ್ಟಿತು.

ಅಂಚುಗಳಿಗೆ ತೋಪಡ (ಮರ ಹೆರೆದು ನೇರ ಮಾಡುವ ಉಪಕರಣ) ಹೊಡೆದು ಜೋಡಿಸಿ ನೋಡಿದಾಗ ಪಟ್ಟಿಯ ಸಂದಿನಲ್ಲಿ ಎರಡೂ ತುದಿಗಳ ಕಡೆ ಬೆಳಕು ಕಾಣುತ್ತಿತ್ತು. ನಡುವೆ ಕೂತಿದೆ, ತುದಿಯಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ಬಾಯಿ ಬಿಟ್ಟಿದೆ. ಇನ್ನರ್ಧ ಗಂಟೆ ತೋಪಡ ಹಿಡಿದಿದ್ದರೆ ಸರಿಹೋಗುತ್ತಿತ್ತು. ಆದರೆ ಹೊಸದಾಗಿ ತಂದ ಆರು ಎಫ್-ಕ್ಲಾಂಪ್ (ಉದ್ದ ಕಂಬಿ, ಅದರ ತುದಿಗೊಂದು ಕದಲದ ದವಡೆ, ಕಂಬಿಯ ಮೇಲೆ ಜಾರುವ ತಿರುಪಿನ ದವಡೆ ಇನ್ನೊಂದು) ಪಕ್ಕದಲ್ಲೇ ಸಾಲಾಗಿ ಮಲಗಿದ್ದವು. ‘ಕ್ಲಾಂಪ್ ಹಾಕಿದರೆ ತಾನೇ ಮುಚ್ಚಿಕೊಳ್ಳುತ್ತೆ’ ಅಂದುಕೊಂಡೆ. ಕೆಟ್ಟದ್ದು ಅಲ್ಲೇ.

ಕ್ಲಾಂಪ್ ತರುವಾಗ ನಾನು ನೋಡಿದ್ದು ಎರಡೇ: ಉದ್ದ ಎಷ್ಟು, ಬಣ್ಣ ಹೇಗಿದೆ. ಕಂಬಿ ಎಷ್ಟು ದಪ್ಪ, ದವಡೆ ಯಾವ ಲೋಹದ್ದು, ಒಂದನ್ನೂ ನೋಡಲಿಲ್ಲ.

ಅಂಟು ಹಚ್ಚಿದೆ. ಮರಕ್ಕೆ ಬಳಸುವ ಮಾಮೂಲಿ ಬಿಳಿ ಅಂಟು ನಮಗೆ ಕೊಡುವ ಸಮಯ ತುಂಬಾ ಕಡಿಮೆ. ಹಚ್ಚಿದ ಐದು ಹತ್ತು ನಿಮಿಷದೊಳಗೆ ಹಲಗೆಗಳು ತಮ್ಮ ಜಾಗದಲ್ಲಿ ಕೂತಿರಬೇಕು. ಸೆಕೆ ಜಾಸ್ತಿ ಇದ್ದರೆ ಇನ್ನೂ ಬೇಗ ಮೇಲೆ ಪೊರೆ ಕಟ್ಟುತ್ತದೆ. ಅಂಟು ಹಚ್ಚದೆ ಒಮ್ಮೆ ಪೂರ್ತಿ ಕ್ಲಾಂಪ್ ಹಾಕಿ ಅಭ್ಯಾಸ ಮಾಡಿ ನೋಡಬೇಕು ಅನ್ನುವುದು ಅದಕ್ಕೇ. ನಾನು ಮಾಡಲಿಲ್ಲ. ಮೊದಲ ಮೂರು ಕ್ಲಾಂಪ್ ಬಿಗಿದಾಗ ಎಲ್ಲ ಚೆನ್ನಾಗಿಯೇ ಇತ್ತು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಎರಡನೆಯದು ಸಡಿಲವಾಗಿರುವುದು ಕಂಡಿತು. ಅದನ್ನು ಬಿಗಿದರೆ ಮತ್ತೆ ಸರಕ್ಕನೆ ಜಾರಿತು.

ಯಾಕೆ ಜಾರಿತು ಅನ್ನುವುದು ಆಮೇಲೆ ಗೊತ್ತಾಯಿತು. ಎಫ್-ಕ್ಲಾಂಪಿನ ಜಾರುವ ದವಡೆಯನ್ನು ಕಂಬಿಗೆ ಕಟ್ಟಿಹಾಕುವಂಥದ್ದು ಏನೂ ಇಲ್ಲ. ತಿರುಪು ಬಿಗಿದಾಗ ಆ ದವಡೆ ಒಂದಿಷ್ಟು ವಾಲಿ, ಕಂಬಿಯನ್ನು ಎರಡು ಕಡೆ ಕಚ್ಚಿಕೊಳ್ಳುತ್ತದೆ. ಹಿಡಿತವೆಲ್ಲ ಆ ಕಚ್ಚಿನಲ್ಲೇ. ಕಂಬಿಯ ಅಂಚಿನಲ್ಲಿ ಗರಗಸದ ಹಲ್ಲಿನಂಥ ಸಣ್ಣ ಗೆರೆಗಳು ಇರುವುದೂ ಅದಕ್ಕೇ. ನನ್ನ ಕ್ಲಾಂಪಿನಲ್ಲಿ ಆ ಗೆರೆಗಳು ಬಣ್ಣದಡಿ ಹೂತುಹೋಗಿದ್ದವು, ಅದರ ಮೇಲೆ ಹಲಗೆಯಿಂದ ಇಳಿದ ಅಂಟು ಬೇರೆ. ಜಾರದೆ ಇನ್ನೇನಾಗುತ್ತದೆ?

ಗಡಿಬಿಡಿ ಶುರುವಾಯಿತು. ಪಟ್ಟಿಯ ತುದಿ ಇನ್ನೂ ಮುಚ್ಚಿಲ್ಲ, ಅಂಟು ಗಟ್ಟಿಯಾಗುತ್ತಿದೆ. ತಿರುಪಿನ ತುದಿಯಲ್ಲಿ ಅಡ್ಡ ಸರಳಿನ ಹಿಡಿ ಇತ್ತು. ಮೂಲೆಯಲ್ಲಿ ಬಿದ್ದಿದ್ದ ಒಂದಡಿ ಪೈಪ್ ತಂದು ಆ ಸರಳಿಗೆ ತೂರಿಸಿದೆ. ಉದ್ದ ಸಿಕ್ಕಿದ ಮೇಲೆ ಎಷ್ಟು ಸುಲಭವಾಗಿ ತಿರುಗಿತು ಅಂದರೆ ನನಗೆ ಖುಷಿಯೇ ಆಯಿತು. ಸಂದು ಮುಚ್ಚುತ್ತಾ ಬಂತು. ಮುಕ್ಕಾಲು ಮಿಲಿಮೀಟರ್. ಅರ್ಧ. ಇನ್ನೊಂದು ಅರ್ಧ ಸುತ್ತು ಅಂತ ಬಗ್ಗಿ ನೋಡಿದೆ. ಟಕ್ ಅಂತ ಶಬ್ದ. ಏನೋ ಮುಖಕ್ಕೆ ಬಡಿಯಿತು.

ಮುರಿದ ದವಡೆಯ ಚೂರನ್ನು ಆಮೇಲೆ ಬೆಳಕಿಗೆ ಹಿಡಿದು ನೋಡಿದೆ. ಮುರಿದ ಜಾಗ ಸಕ್ಕರೆ ಕಾಳಿನ ಹಾಗೆ ತರಿತರಿಯಾಗಿತ್ತು, ಬೂದು ಬಣ್ಣ. ಎಲ್ಲೂ ಬಾಗಿದ ಗುರುತಿಲ್ಲ. ಸಾದಾ ಎರಕದ ಕಬ್ಬಿಣದ ಗುಣ ಇದು: ಒತ್ತಡ ಮೀರಿದರೆ ಬಾಗಿ ಎಚ್ಚರಿಸುವುದಿಲ್ಲ, ಒಡೆದೇಬಿಡುತ್ತದೆ. ಒಳ್ಳೆಯ ಕ್ಲಾಂಪಿನ ದವಡೆಯನ್ನು ಬಡಿತ ಮತ್ತು ಬಾಗು ತಡೆಯುವ ಎರಕದಲ್ಲೋ, ಕಾಸಿ ಬಡಿದ ಉಕ್ಕಿನಲ್ಲೋ ಮಾಡುತ್ತಾರೆ. ಆದರೆ ಎಂಥ ಕ್ಲಾಂಪ್ ಆದರೂ ಹಿಡಿ ಅಷ್ಟೇ ಉದ್ದ ಇರುವುದಕ್ಕೆ ಕಾರಣವಿದೆ. ಕೈಯ ಬಲ ಅಲ್ಲಿಗೇ ನಿಲ್ಲಲಿ ಅಂತ. ಪೈಪ್ ಹಾಕಿದರೆ ಆ ಲೆಕ್ಕವೇ ತಪ್ಪುತ್ತದೆ.

ಉಳಿದ ಐದು ಕ್ಲಾಂಪಿನಲ್ಲಿ ಹಾಗೂ ಹೀಗೂ ಮುಗಿಸಿದೆ. ಮುಖ ತೊಳೆದು ಬಂದು ನೋಡಿದರೆ ಹಲಗೆಗಳ ನಡುಭಾಗ ಮೇಲೆದ್ದು ಕಮಾನಿನಂತಾಗಿದೆ! ಎಲ್ಲ ಕ್ಲಾಂಪನ್ನೂ ಅಡಿಯಿಂದಲೇ ಹಾಕಿದ್ದೆ, ಹಲಗೆ ಮೇಲಿಡಲು ಅನುಕೂಲ ಅಂತ. ತೆಳು ಕಂಬಿ ಎಳೆತಕ್ಕೆ ಬಾಗುತ್ತದೆ, ದವಡೆಗಳ ತುದಿ ಹೊರಕ್ಕೆ ತೆರೆದುಕೊಳ್ಳುತ್ತದೆ. ಆಗ ಒತ್ತಡವೆಲ್ಲ ಹಲಗೆಯ ಕೆಳಗಿನ ಅಂಚಿಗೆ ಬೀಳುತ್ತದೆ, ನಡು ಮೇಲೇಳುತ್ತದೆ. ಒಂದು ಕ್ಲಾಂಪ್ ಅಡಿಯಿಂದ, ಪಕ್ಕದ್ದು ಮೇಲಿನಿಂದ, ಹೀಗೆ ಬದಲಿಸಿ ಬದಲಿಸಿ ಹಾಕಿದ್ದರೆ ಒಂದರ ಬಾಗು ಇನ್ನೊಂದು ತಡೆಯುತ್ತಿತ್ತು.

ಮರುದಿನ ಪರಿಚಯದ ಒಬ್ಬ ಹಳೆಯ ಬಡಗಿಯನ್ನು ಕರೆದು ತೋರಿಸಿದೆ. ಅವರು ಕ್ಲಾಂಪ್ ನೋಡಲಿಲ್ಲ, ಸಂದನ್ನು ಉಗುರಿನಿಂದ ಸವರಿದರು.

“ಅಂಟು ಹಾಕೋ ಮುಂಚೆ ಕೈಯಲ್ಲಿ ಒತ್ತಿದಾಗ ಇದು ಮುಚ್ತಿತ್ತಾ ಸಾರ್?”

“ಇಲ್ಲ ಮೇಸ್ತ್ರಿ, ತುದೀಲಿ ಸ್ವಲ್ಪ ಸಂದಿತ್ತು. ಕ್ಲಾಂಪ್ ಎಳ್ಕೊಳ್ಳುತ್ತೆ ಅಂತ...”

“ಎಳ್ಕೊಳ್ಳುತ್ತೆ. ಆಮೇಲೆ ಬಿಟ್ಕೊಳ್ಳುತ್ತೆ.”

ಅಷ್ಟೇ ಹೇಳಿ ಹೋದರು. ನಾಲ್ಕು ತಿಂಗಳಾದ ಮೇಲೆ, ಒಣಹವೆಯಲ್ಲಿ, ಪಟ್ಟಿಯ ಒಂದು ತುದಿ ಬಿಟ್ಟುಕೊಂಡಿತು. ಒಂದು ಪೋಸ್ಟ್‌ಕಾರ್ಡ್ ತೂರಿಸುವಷ್ಟು.

ಬಲವಂತವಾಗಿ ಬಾಗಿಸಿ ಅಂಟಿಸಿದ ಮರ ತನ್ನ ಮೊದಲಿನ ರೂಪಕ್ಕೆ ಮರಳಲು ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತದೆ. ಜೊತೆಗೆ ಹಲಗೆಯ ತುದಿ ಉಳಿದ ಭಾಗಕ್ಕಿಂತ ಬೇಗ ಒಣಗಿ ಕುಗ್ಗುತ್ತದೆ. ಹಾಗಾಗಿ ತುದಿಯಲ್ಲಿ ಸಂದಿದ್ದರೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ನಡುವೆ ಕಾಗದದಷ್ಟು ತೆಳು ಸಂದಿದ್ದು ತುದಿಗಳು ಗಟ್ಟಿಯಾಗಿ ಕೂತರೆ ಪರವಾಗಿಲ್ಲ, ಕೆಲವು ಬಡಗಿಗಳು ಬೇಕೆಂದೇ ಹಾಗೆ ಮಾಡುತ್ತಾರೆ. ನನ್ನದು ಸರಿಯಾಗಿ ಉಲ್ಟಾ ಆಗಿತ್ತು.

ಆಮೇಲೆ ಕೂತು ಒಂದು ಲೆಕ್ಕ ಹಾಕಿದೆ. ಗಟ್ಟಿ ಮರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 12ರಿಂದ 17 ಕಿಲೋ, ಮೆತ್ತನೆ ಮರಕ್ಕೆ 7ರಿಂದ 10 ಕಿಲೋ ಒತ್ತಡ ಬೇಕು ಅಂತ ಅಂಟು ತಯಾರಿಸುವವರು ಹೇಳುತ್ತಾರೆ. ನನ್ನ ಸಂದು 150 ಸೆಂಟಿಮೀಟರ್ ಉದ್ದ, ಎರಡೂವರೆ ದಪ್ಪ. ಅಂದರೆ 375 ಚದರ ಸೆಂಟಿಮೀಟರ್. ಕನಿಷ್ಠ ಲೆಕ್ಕ ಹಿಡಿದರೂ 4500 ಕಿಲೋ. ಆರು ಕ್ಲಾಂಪಿಗೆ ಹಂಚಿದರೆ ತಲಾ 750. ತೆಳು ಕಂಬಿಯ ಎಫ್-ಕ್ಲಾಂಪಿಗೆ ಅದರ ಅರ್ಧ ಕೊಡುವುದೂ ಕಷ್ಟ. ಗಾಬರಿಯಾಗಬೇಡಿ, ಸಂದು ಚೆನ್ನಾಗಿ ಕೂತಿದ್ದರೆ ಇದಕ್ಕಿಂತ ಕಡಿಮೆ ಒತ್ತಡದಲ್ಲೂ ಮನೆಯ ಮೇಜು ಗಟ್ಟಿಯಾಗಿ ನಿಲ್ಲುತ್ತದೆ. ನಾನು ಹೇಳುತ್ತಿರುವುದು ಇಷ್ಟೇ: ಅಂಟಿಗೇ ಸಾಲದ ಬಲದಲ್ಲಿ ಹಲಗೆ ಬಾಗಿಸುವ ಕೆಲಸವನ್ನೂ ಮಾಡಿಸಲು ಹೋಗಿದ್ದೆ.

ಇನ್ನು ಆ ಪಟ್ಟಿ. ಕ್ಲಾಂಪಿನ ಒತ್ತಡ ದವಡೆಯಿಂದ ಎರಡೂ ಪಕ್ಕಕ್ಕೆ ಸುಮಾರು 45 ಡಿಗ್ರಿಯಲ್ಲಿ ಹರಡುತ್ತದೆ ಅಂದುಕೊಳ್ಳಿ. ಹೊರಗಿನ ಹಲಗೆ ಏಳಿಂಚು ಅಗಲ ಇದ್ದರೆ ಮೊದಲ ಸಂದಿಗೆ ತಲುಪುವಷ್ಟರಲ್ಲಿ ಅದು ಹದಿನಾಲ್ಕು ಇಂಚು ಹರಡಿರುತ್ತದೆ. ಎರಡೂವರೆ ಇಂಚಿನ ಪಟ್ಟಿಯಾದರೆ ಬರೀ ಐದು. ನಾನು ಹನ್ನೊಂದು ಇಂಚಿಗೊಂದು ಕ್ಲಾಂಪ್ ಹಾಕಿದ್ದೆ. ಅಗಲ ಹಲಗೆಯ ಕಡೆ ಅದು ಸಾಕಾಗಿತ್ತು. ಪಟ್ಟಿಯ ಕಡೆ ಎರಡು ಕ್ಲಾಂಪಿನ ಮಧ್ಯೆ ಅರ್ಧಕ್ಕರ್ಧ ಜಾಗಕ್ಕೆ ಒತ್ತಡವೇ ಮುಟ್ಟಿರಲಿಲ್ಲ. ಪರಿಹಾರ ಬಲು ಸುಲಭ. ಪಟ್ಟಿಯ ಹೊರಗಡೆ ಒಂದು ದಪ್ಪ ನೇರ ರೀಪರ್ ಇಟ್ಟು ಅದರ ಮೇಲೆ ಕ್ಲಾಂಪ್ ಹಾಕಿದರೆ ಒತ್ತಡ ರೀಪರಿನಲ್ಲೇ ಹರಡಿಕೊಂಡು ಬರುತ್ತದೆ. ಪಟ್ಟಿಯ ಅಂಚಿಗೆ ದವಡೆಯ ಗುರುತೂ ಬೀಳುವುದಿಲ್ಲ. ರೀಪರಿಗೆ ಪ್ಯಾಕಿಂಗ್ ಟೇಪ್ ಸುತ್ತುವುದು ಮರೆಯಬೇಡಿ, ಇಲ್ಲದಿದ್ದರೆ ಅದೂ ಮೇಜಿನ ಭಾಗವಾಗಿಬಿಡುತ್ತದೆ.

ಕಪ್ಪು ಕಲೆ ಬಗ್ಗೆಯೂ ಹೇಳಿಬಿಡುತ್ತೇನೆ. ಅಕೇಶಿಯಾ, ಓಕ್ ಥರದ ಮರಗಳಲ್ಲಿ ಟ್ಯಾನಿನ್ ಅನ್ನುವ ಒಗರಿನ ಅಂಶ ಜಾಸ್ತಿ. ಅಂಟಿನ ತೇವ ಇರುವಾಗ ಕಬ್ಬಿಣ ತಾಗಿದರೆ ಶಾಯಿ ಚೆಲ್ಲಿದಂತೆ ಕಪ್ಪಾಗುತ್ತದೆ. ನನ್ನ ಮೇಜಿನ ಅಡಿಯಲ್ಲಿ ಐದು ಅಡ್ಡಗೆರೆಗಳಿವೆ. ಕಂಬಿ ಮತ್ತು ಹಲಗೆಯ ಮಧ್ಯೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ ಇಟ್ಟಿದ್ದರೆ ಮುಗಿದಿತ್ತು. ಉಕ್ಕಿ ಬಂದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೂ ತಪ್ಪೇ. ಅದು ಮರದ ರಂಧ್ರಕ್ಕೆ ಇಳಿದು, ಪಾಲಿಶ್ ಹಚ್ಚಿದಾಗ ಬಿಳಿಚಿದ ತೇಪೆಯಾಗಿ ಎದ್ದು ಕಾಣುತ್ತದೆ. ಅರ್ಧ ಗಂಟೆ ಬಿಟ್ಟು, ರಬ್ಬರಿನಂತಾದಾಗ ಉಳಿಯಲ್ಲಿ ಎಬ್ಬಿಸಿದರೆ ಸಿಪ್ಪೆಯ ಹಾಗೆ ಬರುತ್ತದೆ.

ಎರಡನೇ ಪಾಠ ಮೇಜಿನದಲ್ಲ, ಗೋಡೆಯದು. ಅಟ್ಟಕ್ಕೆ ಹಲಗೆ ಕೂರಿಸುವಾಗ ಸಹಾಯಕ್ಕೆ ಯಾರೂ ಇರಲಿಲ್ಲ. ಒಂದೇ ಕೈಯಲ್ಲಿ ಒತ್ತಿ ಒತ್ತಿ ಬಿಗಿಸುವ ಟ್ರಿಗರ್ ಕ್ಲಾಂಪ್ ಇದೆಯಲ್ಲ, ಅದರಿಂದ ಹಲಗೆಯನ್ನು ಚೌಕಟ್ಟಿಗೆ ತಲೆಯ ಮೇಲೆ ಹಿಡಿಸಿ, ಏಣಿ ಹತ್ತಿ ಡ್ರಿಲ್ ಹಿಡಿದೆ. ಎರಡನೇ ತೂತು ಹೊಡೆಯುವಾಗ ಅದುರಿಗೆ ಕ್ಲಾಂಪ್ ನಿಧಾನವಾಗಿ ಸರಿಯುತ್ತಿದ್ದದ್ದು ಗೊತ್ತೇ ಆಗಲಿಲ್ಲ. ಹಲಗೆ ಹೆಗಲಿಗೆ ಬಿತ್ತು. ನಾನು ಬೀಳಲಿಲ್ಲ, ಅದೇ ಪುಣ್ಯ. ಟ್ರಿಗರ್ ಕ್ಲಾಂಪಿನ ಹಿಡಿತ ತಿರುಪಿನ ಕ್ಲಾಂಪಿಗಿಂತ ಬಹಳ ಕಡಿಮೆ. ಬಿಡಿಸುವ ಗುಂಡಿಗೆ ಮೊಣಕೈ ತಗುಲಿದರೂ ಬಿಟ್ಟುಬಿಡುತ್ತದೆ. ಗುರುತು ಹಾಕುವಾಗ, ಅಳತೆ ನೋಡುವಾಗ ‘ಮೂರನೇ ಕೈ’ ಆಗಿ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ತಲೆಯ ಮೇಲಿನ ಭಾರಕ್ಕೆ ಮಾತ್ರ ಅಡಿಯಿಂದ ಊರುಗೋಲು ಕೊಡಿ, ಕ್ಲಾಂಪ್ ಬರೀ ಸರಿಯದಂತೆ ಹಿಡಿಯಲಿ. ಇನ್ನು ಮನುಷ್ಯರು ನಿಲ್ಲುವ ಹಲಗೆಯನ್ನು ಜಿ-ಕ್ಲಾಂಪಿನಲ್ಲಿ (ಇಂಗ್ಲಿಷಿನ G ಆಕಾರದ ಸಣ್ಣ ತಿರುಪಿನ ಕ್ಲಾಂಪ್) ಹಿಡಿಸುವುದನ್ನೂ ನೋಡಿದ್ದೇನೆ. ನೋಡಿದರೇ ಎದೆ ಝಲ್ ಅನ್ನುತ್ತದೆ.

ಈಗ ಕ್ಲಾಂಪ್ ಕೊಳ್ಳುವಾಗ ಜೇಬಿನಲ್ಲಿ ಒಂದು ಮರದ ತುಂಡು ಇಟ್ಟುಕೊಂಡು ಹೋಗುತ್ತೇನೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಅದನ್ನು ದವಡೆಯ ತುದಿಯಲ್ಲಿ ಹಿಡಿಸಿ, ಕೈಯಲ್ಲಿ ಆಗುವಷ್ಟು ಬಿಗಿದು, ಕಂಬಿಯನ್ನು ಕಣ್ಣಿಗೆ ನೇರ ಹಿಡಿದು ನೋಡುತ್ತೇನೆ. ಬಿಲ್ಲಿನಂತೆ ಬಾಗಿದರೆ ವಾಪಸ್. ತಿರುಪಿನ ತುದಿಯ ಬಿಲ್ಲೆ ಎಲ್ಲ ಕಡೆ ಅಲ್ಲಾಡಬೇಕು, ಆದರೆ ಎಳೆದರೆ ಕಳಚಬಾರದು. ತಿರುಪಿನ ಎಳೆಗಳು ದಪ್ಪ ಮತ್ತು ಚಪ್ಪಟೆ ಇದ್ದರೆ ಒಳ್ಳೆಯದು, ಬೋಲ್ಟಿನಂಥ ಚೂಪು ಎಳೆ ಬೇಗ ಸವೆಯುತ್ತದೆ. ಉದ್ದ, ಮಾಡುವ ಕೆಲಸಕ್ಕಿಂತ ಅರ್ಧ ಅಡಿಯಾದರೂ ಹೆಚ್ಚಿರಲಿ. ರೀಪರ್ ಇಟ್ಟ ಮೇಲೆ ಸಾಲದೆ ಬಂದರೆ ಅಂಟು ಕೈಯಲ್ಲಿಟ್ಟುಕೊಂಡು ಅಳಬೇಕಾಗುತ್ತದೆ.

ಮೇಜಿನ ಪಟ್ಟಿಯನ್ನು ಗರಗಸದಲ್ಲಿ ಕೊಯ್ದು ತೆಗೆದೆ. ಎರಡೂ ಅಂಚಿಗೆ ಮತ್ತೆ ತೋಪಡ ಹೊಡೆದೆ. ಈ ಸಲ ಬೆಳಕು ಕಾಣದವರೆಗೂ ಬಿಡಲಿಲ್ಲ, ಒಂದು ಬೆಳಗ್ಗೆ ಪೂರ್ತಿ ಅದಕ್ಕೇ ಹೋಯಿತು. ರೀಪರ್ ಇಟ್ಟು, ಹೊಸ ಕ್ಲಾಂಪ್ ಮೂರು ಅಡಿಯಿಂದ ಮೂರು ಮೇಲಿನಿಂದ ಹಾಕಿ, ಕೈಯಲ್ಲಿ ತಿರುಗುವಷ್ಟೇ ಬಿಗಿದೆ. ಸಂದಿನ ಉದ್ದಕ್ಕೂ ಅಂಟು ಸಣ್ಣ ಸಣ್ಣ ಮಣಿಗಳ ಹಾಗೆ ಸಮನಾಗಿ ಉಕ್ಕಿತು. ಒಂದು ದಿನ ಮುಟ್ಟಲಿಲ್ಲ. ಎರಡು ಬೇಸಿಗೆ ಕಳೆದಿದೆ, ಈ ಬರಹ ಬರೆದದ್ದೂ ಅದರ ಮೇಲೆಯೇ. ಅಗಲ ಮಾತ್ರ ಕಾಲಿಂಚು ಕಡಿಮೆಯಾಗಿದೆ, ಅಡಿಯ ಕಪ್ಪು ಗೆರೆ ಹಾಗೇ ಇವೆ.

ಆ ತೆಳು ಕ್ಲಾಂಪ್ ಐದೂ ಇನ್ನೂ ಇವೆ. ಸಣ್ಣ ಡಬ್ಬಿ, ಫೋಟೋ ಚೌಕಟ್ಟು ಅಂಟಿಸಲು ಸಾಕು. ಪೈಪನ್ನು ಗುಜರಿಯವನಿಗೆ ಹಾಕಿದೆ.