ಶಿರಸಿಯ ಚಲನಚಿತ್ರ ರಸಗ್ರಹಣ ಶಿಬಿರ: ಒಂದೇ ದೃಶ್ಯ, ಮೂರು ಸಲ

ಕವಿತೆಯನ್ನು ಬಿಡಿಸಿ ಓದಿಸುವಂತೆ ಸಿನಿಮಾವನ್ನೂ ತರಗತಿಯಲ್ಲಿ ಓದಿಸಬಹುದೇ ಎಂದು ತಿಳಿಯುವ ಆಸೆಯಿಂದ, ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು, ಶಿರಸಿಯಲ್ಲಿ ಕಳೆದ ತಿಂಗಳು ನಡೆದ ಎರಡು ದಿನಗಳ ಚಲನಚಿತ್ರ ರಸಗ್ರಹಣ ಶಿಬಿರಕ್ಕೆ ಸೇರಿದ್ದೆ. ಊಟ, ಚಹಾ ಸೇರಿ ಶುಲ್ಕ 600 ರೂಪಾಯಿ.

ಮೊದಲ ದಿನ ಬೆಳಗಿನ ಪಾಠವೊಂದಕ್ಕೇ ಆ ಹಣ ಸಂದಿತು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯಲ್ಲಿ (1955), ಮಗಳು ದುರ್ಗಾ ತೀರಿಹೋದದ್ದನ್ನು ಅರಿಯದೆ ಮನೆಗೆ ಮರಳಿದ ಹರಿಹರ, ಅವಳಿಗೆಂದು ತಂದ ಸೀರೆಯನ್ನು ಹೆಂಡತಿ ಸರ್ವಜಯಾಳ ಕೈಗೆ ಕೊಡುವ ದೃಶ್ಯವನ್ನು ಮೂರು ಸಲ ತೋರಿಸಿದರು. ಮೊದಲ ಸಲ ಧ್ವನಿಯಿರಲಿಲ್ಲ. ಸರ್ವಜಯಾಳ ಅಳು ಹೇಗೆ ಕೇಳಿಸಬಹುದೆಂದು ಊಹಿಸಿ ಬರೆಯಲು ಹೇಳಿದರು. ಎರಡನೆಯ ಸಲ ಧ್ವನಿ ಹಾಕಿದಾಗ ಅವಳ ಅಳು ಕೇಳಿಸಲೇ ಇಲ್ಲ, ಅದರ ಜಾಗದಲ್ಲಿ ತಾರ್ ಶಹನಾಯಿ ಎಂಬ ತಂತಿವಾದ್ಯ ಮೊರೆಯಿತು. ಮೂರನೆಯ ಸಲ ಚಿತ್ರ ಮರೆಮಾಡಿ ಧ್ವನಿಯನ್ನಷ್ಟೇ ಕೇಳಿಸಿದರು. ಈ ಚಿತ್ರವನ್ನು ಹಿಂದೆ ಎಷ್ಟೋ ಸಲ ನೋಡಿ ಕಣ್ಣೀರಿಟ್ಟಿದ್ದ ನನಗೆ, ಆ ಅಳು ಮನುಷ್ಯರ ಕೊರಳಿನದಲ್ಲ ಎಂಬುದು ಗಮನಕ್ಕೆ ಬಂದದ್ದು ಅಂದೇ.

ಬೋಧಕರು ಇದನ್ನು ಯಕ್ಷಗಾನಕ್ಕೆ ಜೋಡಿಸಿದ ರೀತಿಯೂ ನನಗೆ ಬಹಳ ಹಿಡಿಸಿತು. ಪ್ರಸಂಗದ ಕಥೆ ಪೂರ್ತಿ ಗೊತ್ತಿದ್ದರೂ, ಭಾಗವತರು ಪದ್ಯವನ್ನು ಯಾವ ರಾಗದಲ್ಲಿ ಎತ್ತಿಕೊಳ್ಳುತ್ತಾರೆ, ಇಂದಿನ ಕೌರವ ಹೇಗೆ ಪ್ರವೇಶಿಸುತ್ತಾನೆ ಎಂದು ಬೆಳಗಿನವರೆಗೆ ಕಾದು ಕೂರುವ ನಮ್ಮ ಸೀಮೆಯ ಜನ, ಸಿನಿಮಾದ ಎದುರು ಮಾತ್ರ ಮುಂದೇನಾಯಿತು ಎಂದಷ್ಟೇ ಕೇಳುವುದೇಕೆ ಎಂಬುದು ಅವರ ಪ್ರಶ್ನೆಯಾಗಿತ್ತು.

ಮಧ್ಯಾಹ್ನ ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ (1977) ಇತ್ತು. ಇಲ್ಲಿ ಶಿಬಿರ ಸೋತಿತು. ಕಿಟಕಿಗಳಿಗೆ ಕಟ್ಟಿದ್ದ ತೆಳು ಬಟ್ಟೆಯಿಂದ ಬಿಸಿಲು ಒಳಗೆ ಬಂದು, ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣದ ಕತ್ತಲೆಗಳೆಲ್ಲ ಬೂದುಬಣ್ಣಕ್ಕೆ ತಿರುಗಿದವು; ನೆರಳು ಬೆಳಕಿನ ಬಗ್ಗೆ ಹೇಳಿದ್ದನ್ನು ಪರದೆಯ ಮೇಲೆ ಕಾಣಲಾಗಲಿಲ್ಲ. ಆದರೂ ವೇದಪಾಠಶಾಲೆಯ ಬಾಲಕ ನಾಣಿಯ ಕಣ್ಣಿನಿಂದಲೇ ಕಥೆಯನ್ನು ಏಕೆ ಹೇಳಿದರು ಎಂಬ ಚರ್ಚೆಯಲ್ಲಿ ಶಿಬಿರಕ್ಕೆ ಬಂದಿದ್ದ ಹುಡುಗಿಯರು ನಮಗಿಂತ ಚೆನ್ನಾಗಿ ಮಾತನಾಡಿದರು.

ಎರಡನೆಯ ದಿನ ಇಟಲಿ, ರಷ್ಯಾ, ಜಪಾನುಗಳ ತುಣುಕುಗಳನ್ನು ಅವಸರದಲ್ಲಿ ದಾಟಿಸಿದ್ದರಿಂದ ಹೆಸರುಗಳಷ್ಟೇ ನೆನಪಿನಲ್ಲಿ ಉಳಿದವು. ಅಷ್ಟು ಹೊತ್ತನ್ನು ಮತ್ತೊಂದು ದೃಶ್ಯಕ್ಕೆ ಕೊಟ್ಟಿದ್ದರೆ ಲಾಭವಿತ್ತು. ಚಿತ್ರಗಳನ್ನು ಕತ್ತಲಾದ ಮೇಲೆ ತೋರಿಸುವುದಾದರೆ, ಮುಂದಿನ ಶಿಬಿರಕ್ಕೆ ನನ್ನ ತರಗತಿಯ ನಾಲ್ವರನ್ನು ಕರೆದುಕೊಂಡು ಬರುತ್ತೇನೆಂದು ಸಂಘಟಕರಿಗೆ ತಿಳಿಸಿದ್ದೇನೆ.