ಒಂದೇ ಹಾಡು, ಇಬ್ಬರು ಜಾನ್ ಪ್ರೈನ್

ಅಮೆರಿಕದ ಹಾಡುಗಾರ ಜಾನ್ ಪ್ರೈನ್‌ನನ್ನು ಯಾವ ಆಲ್ಬಮ್‌ನಿಂದ ಕೇಳೋಕೆ ಶುರು ಮಾಡಲಿ ಅಂತ ಗೆಳೆಯ ಕೇಳಿದ. ನಾನು ತಡವರಿಸಿದೆ. ಈ ಮನುಷ್ಯ ತನ್ನ ಹಳೇ ಹಾಡುಗಳನ್ನೇ ವಯಸ್ಸಾದ ಮೇಲೆ ಮತ್ತೆ ಹಾಡಿದ್ದಾನೆ. ಕೊನೆಗೆ ಒಂದು ವಾರ ಮೂರು ಆಲ್ಬಮ್‌ಗಳನ್ನು ತಿರುಗಿಸಿ ಮುರುಗಿಸಿ ಕೇಳಿದೆ: 1971ರ ಮೊದಲ ಆಲ್ಬಮ್, 1988ರ ಲೈವ್, ಹಳೇ ಹಾಡುಗಳನ್ನು ಮತ್ತೆ ಹಾಡಿದ 2000ನೇ ಇಸವಿಯ 'ಸೂವನೀರ್ಸ್'.

ಲೈವ್ ಬಗ್ಗೆ ಬೇಗ ಹೇಳಿಬಿಡ್ತೀನಿ. ಹಾಡಿನಷ್ಟೇ ಹರಟೆಯೂ ಇದೆ. ಗಾಯಕಿ ಬಾನಿ ರೇಟ್ ಜೊತೆ ಹಾಡಿದ 'ಏಂಜಲ್ ಫ್ರಮ್ ಮಾಂಟ್ಗಾಮರಿ' ಬಹಳ ಚೆಂದ. ಆದರೆ ಆ ಹರಟೆ ರುಚಿಸಬೇಕಾದರೆ ಆಸಾಮಿಯ ಪರಿಚಯ ಮೊದಲೇ ಇರಬೇಕು. ಹೊಸಬರಿಗೆ ಬೇಡ.

ನಿಜವಾದ ಪೈಪೋಟಿ ಉಳಿದೆರಡರ ನಡುವೆ. ಅಳೆಯೋಕೆ ಎರಡರಲ್ಲೂ ಇರುವ 'ಹಲೋ ಇನ್ ದೇರ್' ಹಿಡಿದೆ. ಮಕ್ಕಳೆಲ್ಲ ದೂರವಾಗಿ, ಒಬ್ಬ ಮಗ ಕೊರಿಯಾ ಯುದ್ಧದಲ್ಲಿ ಸತ್ತು, ಮಾತು ಕಡಿಮೆಯಾದ ಮುದಿ ಗಂಡ ಹೆಂಡತಿಯ ಹಾಡು ಅದು. ಬರೆದವನು ಶಿಕಾಗೋ ಪಕ್ಕದ ಮೇವುಡ್‌ನವನು, ಟಪಾಲು ಹಂಚುತ್ತಿದ್ದ ಹುಡುಗ! ಬೀದಿ ಸುತ್ತುತ್ತಾ ಮನಸ್ಸಲ್ಲೇ ಹಾಡು ಕಟ್ಟುತ್ತಿದ್ದ. ಆಗಲೇ ಹೆಸರು ಮಾಡಿದ್ದ ಹಾಡುಗಾರ ಕ್ರಿಸ್ ಕ್ರಿಸ್ಟಾಫರ್ಸನ್ ಅವನನ್ನು ಕೇಳಿ ಬೆರಗಾಗಿ ಬೆನ್ನಿಗೆ ನಿಂತ. ಆಲ್ಬಮ್ ಬಂದಾಗ ವಯಸ್ಸು 24. ಕವರ್ ಮೇಲೆ ಹುಲ್ಲಿನ ಪೆಂಡಿ ಮೇಲೆ ಕೂತಿದ್ದಾನೆ, ಪಕ್ಕಾ ಹಳ್ಳಿಯವನ ಹಾಗೆ. ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತ, ಅಂದಮೇಲೆ ಹುಲ್ಲು ಇರಲೇಬೇಕು ಅಲ್ವಾ!

ಆ ದನಿ ಚೂರು ಮೂಗಿನದು, ಚೂರು ಅವಸರದ್ದು. ಮುದುಕರ ಕಷ್ಟವನ್ನು ಬಾಗಿಲ ಆಚೆ ನಿಂತು ನೋಡಿದವನ ದನಿ.

1998ರಲ್ಲಿ ಪ್ರೈನ್‌ಗೆ ಕುತ್ತಿಗೆಯ ಕ್ಯಾನ್ಸರ್ ಆಯಿತು. ಆಪರೇಷನ್ ಆಯಿತು, ರೇಡಿಯೇಷನ್ ಆಯಿತು. ದನಿ ಇಳಿದು ಗೊಗ್ಗರಾಯಿತು. 'ಸೂವನೀರ್ಸ್' ಬಂದದ್ದು ಆಮೇಲೆ, ಅವನದೇ ಓ ಬಾಯ್ ಕಂಪನಿಯಿಂದ. ಆಗ ವಯಸ್ಸು ಐವತ್ತು ದಾಟಿತ್ತು. ಪದ ಅವೇ, ಹಾಡೋ ಗತ್ತು ಬೇರೆ. ಸಾಲಿನ ಕೊನೆಗೆ ಬಂದಾಗ ಉಸಿರು ಮುಗಿದಂತೆ ನಿಲ್ಲುತ್ತಾನೆ, ಆಮೇಲೆ ಮುಂದಿನ ಸಾಲು. ಈಗ ಬಾಗಿಲ ಒಳಗೆ ಕೂತಿದ್ದಾನೆ.

ರಾತ್ರಿ ಅಡುಗೆಮನೆಯಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಹಾಕಿದ್ದೆ. ಅಮ್ಮನಿಗೆ ಇಂಗ್ಲಿಷ್ ಬರೋದಿಲ್ಲ. ಅವರೆಕಾಳು ಹಿಚುಕುತ್ತಾ, "ಮೊದಲನೆಯವನ ಅಪ್ಪನೇನೋ ಇವನು?" ಅಂದರು. ಒಬ್ಬನೇ ಕಣಮ್ಮ ಅಂದೆ. ನಂಬಲಿಲ್ಲ. ಮತ್ತೆ ಹಾಕು ಅಂದಿದ್ದು ಮಾತ್ರ ಎರಡನೆಯದನ್ನೇ.

ನನ್ನ ಓಟೂ ಅದಕ್ಕೇ. ಆದರೆ ಒಂದು ತೊಡಕಿದೆ. 'ಪ್ಯಾರಡೈಸ್' ಹಾಡು ಅದರಲ್ಲಿಲ್ಲ. ಪ್ಯಾರಡೈಸ್ ಅಂದರೆ ಅಮೆರಿಕದ ಕೆಂಟಕಿ ರಾಜ್ಯದ ಮೂಲೆನ್‌ಬರ್ಗ್ ಕೌಂಟಿಯಲ್ಲಿದ್ದ, ಪ್ರೈನ್‌ನ ಅಪ್ಪ ಅಮ್ಮನ ಕಡೆಯ ಊರು. ಕಲ್ಲಿದ್ದಲಿಗೋಸ್ಕರ ನೆಲ ಸಿಗಿದು ಆ ಊರೇ ಇಲ್ಲವಾದ ಕಥೆ. ಪ್ರೈನ್ ಅದನ್ನು ಬರೆದದ್ದು ಅಪ್ಪನಿಗಾಗಿ. ಅದನ್ನು ಬಿಟ್ಟು ಪ್ರೈನ್ ಕೇಳಿದೆ ಅಂದರೆ ನಾನಂತೂ ಒಪ್ಪೋದಿಲ್ಲ.

ಹಾಗಾಗಿ ಗೆಳೆಯನಿಗೆ 'ಸೂವನೀರ್ಸ್' ಕಳಿಸಿದೆ, ಜೊತೆಗೆ 1971ರ ಆ ಒಂದು ಹಾಡು. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಪ್ರೈನ್ ಹೋದ ವಿಷಯ ಅವನಿಗೆ ಗೊತ್ತಿರಲಿಲ್ಲ. "ಮುಂದಿನ ಕಾರ್ಯಕ್ರಮ ಎಲ್ಲಿ?" ಅಂತ ಮೆಸೇಜ್ ಹಾಕಿದ್ದಾನೆ. ಇನ್ನೂ ಉತ್ತರ ಕೊಟ್ಟಿಲ್ಲ.