ಅಚ್ಚು ಒಂದೇ, ಬಟ್ಟೆ ಮೂರು: ಬೇಸಿಗೆಗೆ ‘ಫ್ಯಾಮಿಲಿ ಸೆಟ್’ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಕಳೆದ ವರ್ಷ ಅಕ್ಷಯ ತೃತೀಯದಂದು ರಾಯಚೂರಿನಲ್ಲಿ ನನ್ನ ನಾದಿನಿಯ ಹೊಸ ಮನೆಯ ಗೃಹಪ್ರವೇಶವಿತ್ತು. ಧಾರವಾಡದಿಂದ ಹೊರಡುವ ನಾವು ಆರು ಜನ, ಅಂದರೆ ಅತ್ತೆ, ಮಾವ, ನಾವಿಬ್ಬರು, ಒಂಬತ್ತು ವರ್ಷದ ಮಗ ಮತ್ತು ಹದಿನಾಲ್ಕು ತಿಂಗಳ ಮಗಳು, ಒಂದೇ ಬಗೆಯ ಉಡುಪು ತೊಡಬೇಕೆಂಬ ಆಸೆ ನನ್ನದೇ ಆಗಿತ್ತು. ಆದ್ದರಿಂದ ಮುಂದೆ ನಡೆದದ್ದರಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಈ ಬೇಸಿಗೆಯಲ್ಲಿಯೂ ಮೊಬೈಲು ತೆರೆದರೆ ಸಾಕು, ತಿಳಿ ಪಿಸ್ತಾ, ನಸುಗುಲಾಬಿ, ನೀಲಿ-ಬಿಳಿ ಅಚ್ಚುಗಳಲ್ಲಿ ಅಜ್ಜನಿಂದ ಮೊಮ್ಮಗುವಿನವರೆಗೆ ಹೊಂದುವ ಉಡುಪುಗಳ ಜಾಹೀರಾತುಗಳೇ ಕಾಣುತ್ತಿವೆ. ಮದುವೆ, ಮುಂಜಿ, ಕುಬಸಗಳ ಈ ಕಾಲದಲ್ಲಿ ಅವನ್ನು ಕೊಳ್ಳಲು ಹೊರಟವರು ನಮಗಾದದ್ದನ್ನು ಓದಿ ನಂತರ ಹಣ ಕಟ್ಟಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಕೊಂಡದ್ದು ಸಾಮಾಜಿಕ ಜಾಲತಾಣದಲ್ಲಿ ವ್ಯಾಪಾರ ಮಾಡುವ ಒಂದು ಪುಟದಿಂದ. ‘ಪ್ರೀಮಿಯಂ ಕಾಟನ್ ಫ್ಯಾಮಿಲಿ ಕಲೆಕ್ಷನ್, ಜೈಪುರದ ಕೈಅಚ್ಚು’ ಎಂಬುದು ಶೀರ್ಷಿಕೆ. ಎರಡು ಸೀರೆ, ಗಂಡಸರಿಗೆ ಎರಡು ಕುರ್ತಾ, ಹುಡುಗನಿಗೆ ಒಂದು ಕುರ್ತಾ, ಮಗುವಿಗೆ ಒಂದು ಫ್ರಾಕು, ಒಟ್ಟು 5,490 ರೂಪಾಯಿ. ಬೆಲೆ ತೀರಾ ಅಗ್ಗವಾಗಿದ್ದಿದ್ದರೆ ಅನುಮಾನವಾದರೂ ಬರುತ್ತಿತ್ತೇನೋ. ಅದು ನಂಬುವಷ್ಟು ದುಬಾರಿಯಾಗಿಯೇ ಇತ್ತು. ಹಾಗೆಂದು ನಾನು ಕಣ್ಣು ಮುಚ್ಚಿಕೊಂಡು ಹಣ ಕೊಟ್ಟವಳೂ ಅಲ್ಲ. ಅಪ್ಪಟ ಹತ್ತಿಯೇ ಎಂದು ಕೇಳಿದಾಗ ಮಾರಾಟಗಾರರು ಒಂದು ವಿಡಿಯೊ ಕಳುಹಿಸಿದರು. ಅದರಲ್ಲಿ ಸೀರೆಯ ಸೆರಗಿನಿಂದ ಎಳೆಯೊಂದನ್ನು ಕಿತ್ತು ಕಡ್ಡಿ ಗೀರಿ ಸುಡುತ್ತಿದ್ದರು. ಎಳೆ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಯಿತು. ಅದನ್ನು ನೋಡಿ ನಾನು ಪೂರ್ತಿ ನಂಬಿದೆ. ಉಡುಪು ತೊಟ್ಟ ಕುಟುಂಬದ ಫೋಟೊ ಕಳುಹಿಸಿದರೆ 200 ರೂಪಾಯಿ ಮರಳಿಸುತ್ತೇವೆ ಎಂಬ ಮಾತೂ ಇತ್ತು. ಗೃಹಪ್ರವೇಶದ ದಿನ ಬೆಳಿಗ್ಗೆ ಏಳೂವರೆಗೆ, ಬಿಸಿಲು ಏರುವ ಮುನ್ನ, ಹೊಸ ಮನೆಯ ಮಾವಿನ ತೋರಣದ ಕೆಳಗೆ ಆರೂ ಜನ ನಿಂತು ಫೋಟೊ ತೆಗೆಸಿಕೊಂಡೆವು. ಅಲ್ಲಿಯೇ ಅದನ್ನು ಅವರಿಗೆ ಕಳುಹಿಸಿಬಿಟ್ಟೆ.

ರಾಯಚೂರಿನ ಬೇಸಿಗೆಯನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ ಸಂಗತಿ. ಹೊಸ ಮನೆಗೆ ಇನ್ನೂ ಫ್ಯಾನುಗಳನ್ನು ಕೂರಿಸಿರಲಿಲ್ಲ. ಒಳಗೆ ಹೋಮದ ಹೊಗೆ, ಹೊರಗೆ ಶಾಮಿಯಾನದ ಕೆಳಗೆ ಕಾವು. ಹತ್ತು ಗಂಟೆಯ ಹೊತ್ತಿಗೆ ಮಗಳು ಅಳಲು ಶುರುಮಾಡಿದಳು. ಹಸಿವೆಂದು ಹಾಲು ಕೊಟ್ಟೆ, ನಿದ್ದೆ ಎಂದು ತಟ್ಟಿದೆ, ದೃಷ್ಟಿ ತಾಗಿದೆಯೆಂದು ಯಾರೋ ಉಪ್ಪು-ಮೆಣಸಿನಕಾಯಿ ನಿವಾಳಿಸಿದರು. ಫ್ರಾಕು ಬಿಚ್ಚಿ ನೋಡಬೇಕೆಂದು ನಮಗೆ ಹೊಳೆದದ್ದು ಮಾತ್ರ ಒಂದು ತಾಸು ಕಳೆದ ಮೇಲೆ. ಕುತ್ತಿಗೆ, ಕಂಕುಳು, ಸೊಂಟದ ಸುತ್ತ ಕೆಂಪು ಬೆವರುಸಾಲೆ ಎದ್ದಿತ್ತು. ಫ್ರಾಕಿನ ಒಳಪದರು ಬೆವರನ್ನು ಹೀರದೆ ಬೆನ್ನಿಗೆ ಒದ್ದೆ ಪ್ಲಾಸ್ಟಿಕ್ ಹಾಳೆಯಂತೆ ಅಂಟಿಕೊಂಡಿತ್ತು. ಫ್ರಾಕು ಉಬ್ಬಿ ನಿಲ್ಲಲೆಂದು ಹೊಲಿದಿದ್ದ ನೆಟ್ಟಿನ ಅಂಚು ಸೊಂಟದಲ್ಲಿ ಗೀರು ಮೂಡಿಸಿತ್ತು.

ಆದರೆ ನಿಜ ಬಯಲಾದದ್ದು ಹೋಮದ ಕಿಡಿಯಿಂದ. ಪೂರ್ಣಾಹುತಿಯ ಹೊತ್ತಿಗೆ ಸಮಿತ್ತೊಂದು ಚಟ್ಟೆಂದು ಸಿಡಿದು, ಹತ್ತಿರ ಕುಳಿತಿದ್ದ ಮಗನ ಕುರ್ತಾದ ತೋಳಿನ ಮೇಲೆ ಕಿಡಿ ಬಿತ್ತು. ಬಟ್ಟೆ ಹೊತ್ತಿಕೊಳ್ಳಲಿಲ್ಲ, ಕರಗಿತು. ಕರಗಿದ ಅಂಚು ಮುಂಗೈಗೆ ಅಂಟಿ, ಕಡಲೆಕಾಳಿನಷ್ಟು ಜಾಗದಲ್ಲಿ ಬೊಬ್ಬೆ ಎದ್ದಿತು. ಅತ್ತೆಯವರು ತೂತಿನ ಅಂಚನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡಿ, “ಇದು ಅರಳಿ ಅರಿವಿ ಅಲ್ಲ ಬಿಡವಾ, ಪ್ಲಾಸ್ಟಿಕ್ಕ” ಎಂದರು. ಅರಳಿ ಅರಿವಿ ಎಂದರೆ ಹತ್ತಿಯ ಬಟ್ಟೆ. ಅವರ ತವರು ನವಲಗುಂದದ ಕಡೆ. ತಂದೆ ಕರಿಮಣ್ಣಿನಲ್ಲಿ ಜಯಧರ್ ಹತ್ತಿ ಬೆಳೆಯುತ್ತಿದ್ದವರು. ಹತ್ತಿ ಸುಟ್ಟರೆ ಬೂದಿ ಉದುರಬೇಕೇ ಹೊರತು ಮಣಿಯಂತೆ ಗಟ್ಟಿಯಾಗಬಾರದು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಧಾರವಾಡಕ್ಕೆ ಮರಳಿದ ಮೇಲೆ ಆರೂ ಉಡುಪುಗಳಿಂದ ಎಳೆ ಕಿತ್ತು ಪರೀಕ್ಷಿಸಿದೆ. ಇದನ್ನು ಮನೆಯಲ್ಲಿ ಮಾಡುವವರು ಎಳೆಯನ್ನು ಚಿಮಟದಲ್ಲಿ ಹಿಡಿದು, ಕೆಳಗೆ ನೀರು ತುಂಬಿದ ಸ್ಟೀಲ್ ತಟ್ಟೆ ಇಟ್ಟುಕೊಂಡು, ಮಕ್ಕಳನ್ನು ದೂರವಿಟ್ಟು ಮಾಡಬೇಕು. ಬಟ್ಟೆಯ ಉದ್ದಕ್ಕೆ ಸಾಗುವ ಹಾಸಿನಿಂದ ಒಂದು, ಅಡ್ಡಕ್ಕೆ ಸಾಗುವ ಹೊಕ್ಕಿನಿಂದ ಒಂದು, ಹೀಗೆ ಎರಡೂ ಕಡೆಯ ಎಳೆಗಳನ್ನು ಬೇರೆ ಬೇರೆಯಾಗಿ ಸುಡಬೇಕು. ಹೀಗೆ ಸುಟ್ಟಾಗಲೇ ಗಂಡಸರ ಕುರ್ತಾಗಳ ಗುಟ್ಟು ತಿಳಿದದ್ದು: ಹಾಸಿನ ಎಳೆ ಬೂದಿಯಾಯಿತು, ಹೊಕ್ಕಿನ ಎಳೆ ಮುದುಡಿ, ಕಪ್ಪು ಹೊಗೆ ಬಿಟ್ಟು ಗಟ್ಟಿ ಮಣಿಯಾಯಿತು. ಮಗನ ಕುರ್ತಾ, ಮಗುವಿನ ಫ್ರಾಕು, ಅದರ ಒಳಪದರು, ನೆಟ್ಟು, ಎಲ್ಲವೂ ಸಂಪೂರ್ಣ ಪಾಲಿಯೆಸ್ಟರ್. ಸೀರೆಗಳೆರಡು ಮಾತ್ರ ವಿಡಿಯೊದಲ್ಲಿ ಕಂಡಂತೆಯೇ ಕಾಗದದ ವಾಸನೆ ಬೀರಿ ಬೂದಿಯಾದವು.

ಹಾಗಾದರೆ ಸೀರೆಯಾದರೂ ಹತ್ತಿಯೇ ಎಂದುಕೊಂಡೆ, ಅದೂ ತಪ್ಪಾಯಿತು. ಮೊದಲ ಒಗೆತಕ್ಕೇ ಸೀರೆ ಜೋಲುಬಿದ್ದು, ಹಿಂಡುವಾಗ ಅಂಚಿನಲ್ಲಿ ಪರ್ರೆಂದು ಹರಿಯಿತು. ಬಟ್ಟೆ ವ್ಯಾಪಾರದಲ್ಲಿ ಬಹುಕಾಲ ಇರುವ ನಮ್ಮ ಪರಿಚಯದವರೊಬ್ಬರು ಅದನ್ನು ಮುಟ್ಟಿ ನೋಡಿ ವಿಸ್ಕೋಸ್ ಎಂದರು. ರೇಯಾನ್ ಎಂದೂ ಕರೆಯುವ ಈ ನೂಲನ್ನು ಮರದ ತಿರುಳಿನಿಂದ ತಯಾರಿಸುತ್ತಾರೆ. ಹತ್ತಿಯಂತೆ ಇದೂ ಸೆಲ್ಯುಲೋಸೇ ಆದ್ದರಿಂದ ಸುಟ್ಟಾಗ ಎರಡೂ ಒಂದೇ ರೀತಿ ಉರಿಯುತ್ತವೆ. ವ್ಯತ್ಯಾಸ ಕಾಣುವುದು ನೀರಿನಲ್ಲಿ: ಹತ್ತಿಯ ಎಳೆ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ವಿಸ್ಕೋಸ್ ಎಳೆ ತನ್ನ ಬಲವನ್ನು ಬಹಳಷ್ಟು ಕಳೆದುಕೊಳ್ಳುತ್ತದೆ. ಎಳೆಯೊಂದನ್ನು ಒದ್ದೆ ಮಾಡಿ ಎಳೆದು ನೋಡಿದರೆ ಇದು ಬೇಗ ತಿಳಿಯುತ್ತದೆ. ವಿಸ್ಕೋಸ್ ಕೆಟ್ಟ ಬಟ್ಟೆಯೇನಲ್ಲ, ಬೆವರನ್ನು ಚೆನ್ನಾಗಿಯೇ ಹೀರುತ್ತದೆ. ಹತ್ತಿಯ ಹೆಸರಿನಲ್ಲಿ ಅದನ್ನು ಮಾರಿದ್ದಕ್ಕೆ ನನ್ನ ತಕರಾರು. ಅದಕ್ಕಿಂತ ಹೆಚ್ಚಿನ ತಕರಾರು, ಆರು ಉಡುಪುಗಳಲ್ಲಿ ಪರೀಕ್ಷೆಗೆ ನಿಲ್ಲಬಲ್ಲ ಒಂದನ್ನು ಆರಿಸಿ, ಅದನ್ನು ಸುಟ್ಟು ತೋರಿಸಿ, ಉಳಿದವನ್ನೂ ಅದರ ಮರೆಯಲ್ಲಿ ದಾಟಿಸಿದ್ದಕ್ಕೆ.

ಕಣ್ಣಿಗೆ ಎಲ್ಲವೂ ಒಂದೇ ಎನ್ನುವಂತೆ ಕಾಣುವುದು ಅಚ್ಚಿನಿಂದ. ಕೈಅಚ್ಚಿನ ಬಟ್ಟೆಯಾಗಿದ್ದರೆ ಮರದ ಅಚ್ಚುಗಳು ಕೂಡುವ ಜಾಗದಲ್ಲಿ ಕೂದಲೆಳೆಯಷ್ಟಾದರೂ ಏರುಪೇರು ಇರುತ್ತದೆ, ಬಣ್ಣವೂ ಹಿಂಬದಿಗೆ ಸಾಕಷ್ಟು ಇಳಿದಿರುತ್ತದೆ. ಜೈಪುರದ ಬಳಿಯ ಸಾಂಗಾನೇರ್, ಬಗರೂ ಕಡೆಯ ನಿಜವಾದ ಕೈಅಚ್ಚಿನ ತುಂಡೊಂದು ನನ್ನ ಪೆಟ್ಟಿಗೆಯಲ್ಲಿಯೇ ಇತ್ತು. ಪಕ್ಕದಲ್ಲಿಟ್ಟು ನೋಡುವ ಬುದ್ಧಿ ಮಾತ್ರ ಬರಲಿಲ್ಲ. ಮಗುವಿನ ಫ್ರಾಕಿನ ಬಟ್ಟೆಯ ಹಿಂಬದಿ ಬಹುಮಟ್ಟಿಗೆ ಬಿಳಿಯಾಗಿಯೇ ಇತ್ತು. ಕಾಗದದ ಮೇಲಿನ ಚಿತ್ರವನ್ನು ಬಿಸಿಯೊತ್ತಿ ಬಟ್ಟೆಗೆ ಇಳಿಸುವ ವಿಧಾನದಲ್ಲಿ ಹೀಗಾಗುತ್ತದೆ, ಮತ್ತು ಆ ವಿಧಾನ ಒಗ್ಗುವುದು ಪಾಲಿಯೆಸ್ಟರಿಗೆ. ಒಳಪದರು ಹೊಲಿದಿದ್ದರಿಂದ ಅದು ಕಾಣಲಿಲ್ಲ; ಆ ಪದರನ್ನು ಎತ್ತಿ ಮೇಲ್ಬಟ್ಟೆಯ ಹಿಂಬದಿ ನೋಡಿದ್ದರೂ ಸಾಕಿತ್ತು.

ಬೇಸಿಗೆಯಲ್ಲಿ ಇದು ಬರಿಯ ಹಣದ ನಷ್ಟವಾಗಿ ಉಳಿಯುವುದಿಲ್ಲ. ನೂರು ಗ್ರಾಂ ಹತ್ತಿ ಸಾಧಾರಣ ಹವೆಯಲ್ಲಿಯೇ ಸುಮಾರು 8 ಗ್ರಾಂ ತೇವವನ್ನು ತನ್ನೊಳಗೆ ಹಿಡಿದಿರುತ್ತದೆ. ಅಗಸೆ ನಾರಿನ ಲಿನನ್ ಇನ್ನೂ ಹೆಚ್ಚು ಹಿಡಿಯುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹಿಡಿಯದು. ಆಟಗಾರರು ತೊಡುವ ತೆಳು ಹೆಣಿಗೆಯ ಪಾಲಿಯೆಸ್ಟರ್ ಅಂಗಿಗಳು ಬೆವರನ್ನು ಹೊರಮೈಗೆ ಸಾಗಿಸಿ ಒಣಗಿಸುವಂತೆ ತಯಾರಾಗಿರುತ್ತವೆ, ಅದು ಬೇರೆ ಮಾತು. ಒಳಪದರು, ನೆಟ್ಟು, ಬಿಗಿ ಸೊಂಟಪಟ್ಟಿ ಇರುವ ಫ್ರಾಕಿಗೆ ಆ ಗುಣವಿಲ್ಲ. ಎಳೆಯ ಮಕ್ಕಳಲ್ಲಿ ಬೆವರಿನ ನಾಳಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲವಾದ್ದರಿಂದ ಅವು ಬೇಗ ಕಟ್ಟಿಕೊಂಡು ಬೆವರುಸಾಲೆ ಏಳುತ್ತದೆ ಎಂದು ಮರುದಿನ ತೋರಿಸಿದ ವೈದ್ಯರು ವಿವರಿಸಿದರು. ಪೌಡರ್ ಹಾಕಬೇಡಿ, ತಣ್ಣೀರಿನ ಬಟ್ಟೆಯಲ್ಲಿ ಒರೆಸಿ, ಸಡಿಲ ಹತ್ತಿಯ ಅಂಗಿ ತೊಡಿಸಿ ಎಂದರು. ಸಕ್ಕರೆ ಕಾಯಿಲೆಯಿರುವ ಮಾವನವರಿಗೂ ಅಂದು ಊಟದ ಪಂಕ್ತಿಯಲ್ಲಿಯೇ ತಲೆ ಸುತ್ತಿತ್ತು. ಅದಕ್ಕೆ ಕುರ್ತಾ ಒಂದೇ ಕಾರಣವೆಂದು ನಾನು ಹೇಳಲಾರೆ, ಆದರೆ ಅದನ್ನು ಕಳಚಿ ಹಳೆಯ ಬನಿಯನ್ನಿನಲ್ಲಿ ಕೂರಿಸಿದ ಮೇಲೆ ಅವರು ಚೇತರಿಸಿಕೊಂಡದ್ದು ನಿಜ.

ಇನ್ನು ಹಣ ಮರಳಿ ಕೇಳಿದ ಕಥೆ. ‘ಅನ್‌ಬಾಕ್ಸಿಂಗ್ ವಿಡಿಯೊ ಇಲ್ಲದಿದ್ದರೆ ವಾಪಸಾತಿ ಇಲ್ಲ’, ‘ತೊಟ್ಟ ಬಟ್ಟೆ ಹಿಂಪಡೆಯುವುದಿಲ್ಲ’ ಎಂಬ ಎರಡು ಉತ್ತರಗಳು ಒಂದರ ಹಿಂದೊಂದು ಬಂದವು. ವಿವರಣೆಗೆ ಹೊಂದದ ಸರಕನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ಮಾರಾಟಗಾರರ ಕಡೆಯ ಕುಂದುಕೊರತೆ ಅಧಿಕಾರಿ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಿ, ಅದನ್ನು ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂದೂ ಹೇಳುತ್ತವೆ. ಇದನ್ನು ಬರೆದು ಕಳುಹಿಸಿದೆ, ಉತ್ತರವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ ಅಲ್ಲಿಯವರು ಸೌಜನ್ಯದಿಂದಲೇ ಮಾತನಾಡಿ, ಮಾರಾಟಗಾರರ ಹೆಸರು, ವಿಳಾಸ, ಬಿಲ್ ಕೇಳಿದರು. ನನ್ನ ಬಳಿ ಇದ್ದದ್ದು ಒಂದು ಮೊಬೈಲ್ ಸಂಖ್ಯೆ ಮತ್ತು ಯಾವುದೋ ವ್ಯಕ್ತಿಯ ಹೆಸರಿಗೆ ಹೋದ ಯುಪಿಐ ಪಾವತಿಯ ಚಿತ್ರ ಮಾತ್ರ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲ ಎಂಬುದನ್ನು ತಿಳಿದುಕೊಂಡೆ. ಆದರೆ ನೋಟಿಸು ಕಳುಹಿಸಲು ವಿಳಾಸವೊಂದು ಬೇಕಲ್ಲ! ಪುಟದ ವಿವರಣೆಯನ್ನು ಮತ್ತೆ ಓದಿದಾಗ, ಶೀರ್ಷಿಕೆಯಲ್ಲಿ ದಪ್ಪಕ್ಷರದ ‘ಕಾಟನ್’ ಇದ್ದರೂ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ‘ಕಾಟನ್ / ಬ್ಲೆಂಡ್’, ಅಂದರೆ ಹತ್ತಿ ಅಥವಾ ಬೆರಕೆ, ಎಂದು ಬರೆದಿರುವುದು ಕಂಡಿತು. ಆ ಓರೆಗೆರೆ ನನಗೆ 5,490 ರೂಪಾಯಿಯ ಪಾಠ.

ಆದ್ದರಿಂದ ಒಂದೇ ಅಚ್ಚಿನ ಉಡುಪು ಬೇಕೇ ಬೇಕು ಎನ್ನುವವರು ಇಡೀ ಸೆಟ್ಟಿನ ಬಗ್ಗೆ ಒಂದು ಪ್ರಶ್ನೆ ಕೇಳಿ ಸುಮ್ಮನಾಗಬೇಡಿ. ಪ್ರತಿ ಉಡುಪಿನ ಮೇಲ್ಬಟ್ಟೆ ಯಾವುದು, ಒಳಪದರು ಯಾವುದು, ಅದರಲ್ಲಿ ಹತ್ತಿ ಶೇಕಡಾ ಎಷ್ಟು ಎಂದು ಬಿಡಿಬಿಡಿಯಾಗಿ ಬರೆದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ. ವಿಳಾಸವಿರುವ ಬಿಲ್ ಕೊಡಲು ಒಪ್ಪದವರಿಗೆ ಮುಂಗಡ ಕಳುಹಿಸಬೇಡಿ. ಆಮೇಲೆ ನಾನು ಇದೇ ಪ್ರಶ್ನೆಯನ್ನು ಬೇರೆ ಇಬ್ಬರು ಮಾರಾಟಗಾರರಿಗೆ ಕಳುಹಿಸಿದೆ. ಒಬ್ಬರು ಫ್ರಾಕಿನ ಒಳಪದರು ಪಾಲಿಯೆಸ್ಟರ್ ಎಂದು ಪ್ರಾಮಾಣಿಕವಾಗಿ ತಿಳಿಸಿದರು, ಇನ್ನೊಬ್ಬರು ನನ್ನನ್ನು ಬ್ಲಾಕ್ ಮಾಡಿದರು. ‘ಕಾಟನ್ ಫೀಲ್’, ‘ಲಿನನ್ ಟೆಕ್ಸ್ಚರ್’ ಎಂಬ ಮಾತುಗಳು ಮುಟ್ಟಿದಾಗ ಹೇಗನ್ನಿಸುತ್ತದೆ ಎಂಬುದನ್ನಷ್ಟೇ ಹೇಳುತ್ತವೆ, ನೂಲು ಯಾವುದೆಂದು ಹೇಳುವುದಿಲ್ಲ. ಹೆಣ್ಣುಮಕ್ಕಳ ಖಣದ ಫ್ರಾಕುಗಳಿಗೂ ಈಗ ಬೇಡಿಕೆ ಹೆಚ್ಚಿದೆ. ಗುಳೇದಗುಡ್ಡದ ಹೆಸರು ಹೇಳಿ ಕೃತಕ ನೂಲಿನ ಖಣ ಕೊಡುವವರಿದ್ದಾರೆ. ಹ್ಯಾಂಡ್‌ಲೂಮ್ ಮಾರ್ಕ್ ಬಟ್ಟೆಯನ್ನು ಕೈಮಗ್ಗದಲ್ಲಿ ನೇಯ್ದಿದ್ದಾರೆಂಬುದಕ್ಕೆ ಗುರುತು, ಹತ್ತಿಯೇ ಎಂಬುದಕ್ಕಲ್ಲ. ಖಾದಿ ಭಂಡಾರದಲ್ಲಿಯೂ ಪಾಲಿಯೆಸ್ಟರ್ ಬೆರೆತ ಪಾಲಿವಸ್ತ್ರ ಸಿಗುತ್ತದೆ, ಅಲ್ಲಿ ಅದನ್ನು ಹಾಗೆಂದು ಹೇಳಿಯೇ ಮಾರುತ್ತಾರಾದರೂ ಕೇಳಿ ಕೊಳ್ಳುವುದು ಲೇಸು. ಹೋಮ, ಆರತಿ, ದೀಪಗಳ ಹತ್ತಿರ ಕೂರುವ ಮಕ್ಕಳಿಗಂತೂ ಕರಗುವ ಬಟ್ಟೆಯನ್ನು ತೊಡಿಸಲೇಬೇಡಿ; ನನ್ನ ಮಗನ ಮುಂಗೈಯ ಕಲೆ ಇನ್ನೂ ಹೋಗಿಲ್ಲ.

ಅಂದು ಮಧ್ಯಾಹ್ನ ಅತ್ತೆಯವರು ನಾದಿನಿಯ ಹಳೆಯ ಹತ್ತಿ ಸೀರೆಯೊಂದನ್ನು ಹರಿದು, ಕತ್ತರಿ-ಸೂಜಿ ಕೇಳಿ ಪಡೆದು, ಅರ್ಧ ಗಂಟೆಯಲ್ಲಿ ಮಗುವಿಗೊಂದು ತೋಳಿಲ್ಲದ ಅಂಗಿ ಹೊಲಿದರು. ಅದನ್ನು ತೊಟ್ಟ ಮಗಳು ಸಂಜೆಯವರೆಗೆ ಮಲಗಿ ನಿದ್ರಿಸಿದಳು. ಆ ಅಂಗಿಯಲ್ಲಿ ಅವಳ ಫೋಟೊ ಯಾರೂ ತೆಗೆಯಲಿಲ್ಲ. ಬೆಳಗಿನ ಫೋಟೊ ಮಾತ್ರ ಆ ಪುಟದಲ್ಲಿ ಇಂದಿಗೂ ಇದೆ. ತೆಗೆದುಹಾಕಿ ಎಂದು ನಾಲ್ಕು ಬಾರಿ ಬರೆದಿದ್ದೇನೆ, ಕೊಡುತ್ತೇವೆಂದಿದ್ದ 200 ರೂಪಾಯಿಯೂ ಬಂದಿಲ್ಲ. ಈ ವರ್ಷದ ಬೇಸಿಗೆಯ ಜಾಹೀರಾತಿನಲ್ಲಿ, ಮಾವಿನ ತೋರಣದ ಕೆಳಗೆ ಆರು ಜನ ಒಂದೇ ನೀಲಿ ಅಚ್ಚಿನಲ್ಲಿ ನಗುತ್ತ ನಿಂತಿರುವ ಚಿತ್ರ ನಿಮಗೆ ಕಂಡರೆ, ಅದು ನಮ್ಮದೇ.